ಹಿಂದಿನ ಸೀಟಿನ ಪಕ್ಕದ ಜಾಲರಿ

ಚಿಕಾಗೋ ಅಂದ ಕೂಡಲೇ ಹಿಮ, ಸಲಿಕೆ, ಸ್ಟಾರ್ಟ್ ಆಗದ ಕಾರು ನೆನಪಾಗುತ್ತೆ, ಅಲ್ವಾ? ಆದ್ರೆ 1995ರ ಜುಲೈ 13ರಂದು ಇಲ್ಲಿನ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು. ನಮ್ಮ ಲೆಕ್ಕದಲ್ಲಿ 41 ಡಿಗ್ರಿ ಸೆಲ್ಸಿಯಸ್. ಅಪ್ಪಟ ರಾಯಚೂರು ಬಿಸಿಲು!

ಇಂಥ ದಿನ ಬಯಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದೇ ಗಂಟೆಯಲ್ಲಿ ಕಾವು ಹೊರಗಿಗಿಂತ 20 ಡಿಗ್ರಿ ಸೆಲ್ಸಿಯಸ್ ಮೇಲೇರುತ್ತೆ. ಆದ್ರೆ ಹೈಬ್ರಿಡ್ ಕಾರಿನ ಬ್ಯಾಟರಿಗೆ ಬೇಕಿರೋದು ನಮಗೆ ಹಿತವೆನಿಸೋ ಹವೆಯೇ. ಬಿಸಿಯಾದಷ್ಟೂ ಒಳಗೆ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ, ಆಯಸ್ಸು ಸವೆಯುತ್ತೆ. ತೀರಾ ಕಾದರೆ ಕಾರಿನ ಕಂಪ್ಯೂಟರೇ ಬ್ಯಾಟರಿಯ ಕೆಲಸ ಕಡಿಮೆ ಮಾಡುತ್ತೆ. ಆ ಹೊರೆ ಎಂಜಿನ್ ಮೇಲೆ. ಮೈಲೇಜ್ ಢಮಾರ್.

ಈಗ ಹಿಂದಿನ ಸೀಟಿನ ಪಕ್ಕ ನೋಡಿ. ಪ್ರಿಯಸ್‌ನಂಥ ಎಷ್ಟೋ ಹೈಬ್ರಿಡ್ ಕಾರುಗಳಲ್ಲಿ ಅಲ್ಲೊಂದು ಸಣ್ಣ ಜಾಲರಿ ಇರುತ್ತೆ. ಬ್ಯಾಟರಿ ಉಸಿರಾಡೋದು ಅಲ್ಲಿಂದಲೇ. ಎಸಿಯ ತಂಪು ಗಾಳಿಯನ್ನ ಒಂದು ಫ್ಯಾನ್ ಒಳಗೆ ಎಳೆದುಕೊಳ್ಳುತ್ತೆ. ನಾವೋ, ಡೆಟ್ರಾಯ್ಟ್ ಕಡೆ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಅಂತ ಐ-94 ಹಿಡಿದಾಗ, ದಿಂಬು, ಜಮಖಾನ, ಚಕ್ಕುಲಿ ಡಬ್ಬಿ ಎಲ್ಲಾ ಆ ಜಾಲರಿಗೇ ಒತ್ತರಿಸಿ ಇಟ್ಟಿರ್ತೀವಿ! ಮನೇಲಿ ನಾಯಿ ಇದ್ರಂತೂ ಮುಗೀತು, ಕೂದಲು ಫಿಲ್ಟರಿಗೆ ಮೆತ್ತಿಕೊಂಡು ಗಾಳಿ ದಾರಿಯೇ ಬಂದ್.

ಅಂದಹಾಗೆ, ಜನವರಿಯಲ್ಲಿ ಕೈಕೊಡೋ 12 ವೋಲ್ಟಿನ ಚಿಕ್ಕ ಬ್ಯಾಟರಿಯೂ ಎಷ್ಟೋ ಸಲ ಸೊರಗಿರೋದು ಜುಲೈನಲ್ಲೇ.

ನೆರಳಲ್ಲಿ ನಿಲ್ಲಿಸಿ. ಹತ್ತಿದ ಕೂಡಲೇ ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಆಮೇಲೆ ಎಸಿ ಹಾಕಿ. ಇವತ್ತೇ ಆ ಜಾಲರಿ ಎಲ್ಲಿದೆ ಹುಡುಕಿ, ಮುಂದಿರೋ ಚೀಲ ತೆಗೀರಿ.