ಇದ್ದಿಲು ಎಣ್ಣೆಯಾಗಬಲ್ಲುದೆ?

ಮಣಲಿಯ ಕಡೆ ಸಂಸಾರ ಹೂಡಿರುವ ನಮಗೆ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಯ ಚಿಮಣಿಗಳು ದಿನವೂ ಕಾಣುವ ನೋಟ. 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, 1969ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಶಕ್ತಿಯೊಡನೆ ಕೆಲಸ ತೊಡಗಿದ ಆ ಸಂಸ್ಥೆ ಇಂದು ಚೆನ್ನೈ ಪೆಟ್ರೋಲಿಯಂ ಎನಿಸಿ, 105 ಲಕ್ಷ ಟನ್ನಿನ ಶಕ್ತಿ ಪಡೆದಿದೆ. ಅಲ್ಲಿಗೆ ಬರುವ ಕಚ್ಚಾ ಎಣ್ಣೆಯ ಬಹುಪಾಲು ಪರದೇಶದ್ದು. ಹೀಗಿರುವಾಗ, ಹೊಲದ ಕಸಕಡ್ಡಿಯಿಂದ ಮಾಡಿದ ಇದ್ದಿಲಿನಿಂದಲೇ ಎಣ್ಣೆ ತೆಗೆಯಬಾರದೇಕೆ ಎಂದು ವಾಚಕರು ಕೇಳಬಹುದು.

ತೆಗೆಯಬಹುದು, ಆದರೆ ದುಬಾರಿ. ಇದ್ದಿಲು ಬೆಣ್ಣೆಯಂತೆ ಕರಗತಕ್ಕದ್ದಲ್ಲ. ಕೆಂಪಗೆ ಕಾದ ಇದ್ದಿಲಿನ ಮೇಲೆ ನೀರಿನ ಹಬೆ ಹಾಯಿಸಿ ಮೊದಲು ಅನಿಲ ಮಾಡಬೇಕು. ಅಂಥ ಅನಿಲವನ್ನು ಕಬ್ಬಿಣ ಅಥವಾ ಕೋಬಾಲ್ಟಿನ ಸಂಪರ್ಕದಿಂದ ದ್ರವ ಇಂಧನವಾಗಿಸುವ ಕ್ರಮವನ್ನು 1925ರ ಸುಮಾರಿಗೆ ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ ಕಂಡುಹಿಡಿದರು. 1955ರಿಂದ ದಕ್ಷಿಣ ಆಫ್ರಿಕದಲ್ಲಿ ಕಲ್ಲಿದ್ದಲಿನಿಂದ ಹೀಗೆಯೇ ಪೆಟ್ರೋಲು ತಯಾರಾಯಿತು. ಆದರೆ ಲೆಕ್ಕ ನೋಡಿರಿ: ಎಣ್ಣೆಗೆ ಬೇಕಾದ ಜಲಜನಕ ಇದ್ದಿಲಿನಲ್ಲಿ ಅತ್ಯಲ್ಪ. ಅದನ್ನು ನೀರಿನಿಂದ ಬಿಡಿಸಿಕೊಳ್ಳಲು ಮೂರು ಪಾಲು ಇಂಗಾಲದಲ್ಲಿ ಒಂದು ಪಾಲು ಇಂಗಾಲಾಮ್ಲ ಅನಿಲವಾಗಿ ಹೋಗಬೇಕು. ಕಾಯಿಸುವ ಬೆಂಕಿಯ ಖರ್ಚು ಬೇರೆ.

ಇದಕ್ಕಿಂತ ಉತ್ತಮವಾದುದು, ಇದ್ದಿಲಾಗುವ ಹೊತ್ತಿನಲ್ಲಿಯೇ ಏಳುವ ಆವಿಯನ್ನು ಹಿಡಿಯುವುದು. ಇದು ನಮ್ಮ ನಾಡಿಗೆ ಹೊಸದಲ್ಲ. 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮಲೆನಾಡಿನ ಮರವನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು. ಇದ್ದಿಲು ಕುಲುಮೆಗೆ ಹೋಗುತ್ತಿತ್ತು. ಆವಿಯನ್ನು ತಣಿಸಿದಾಗ ಡಾಂಬರು, ಮರದ ಮದ್ಯಸಾರಗಳು ದೊರೆಯುತ್ತಿದ್ದವು.

ಇಂದು ಅದಕ್ಕಾಗಿ ಕಾಡು ಕಡಿಯಬೇಕಾಗಿಲ್ಲ. ಹೊಟ್ಟು, ತೆಂಗಿನ ಚಿಪ್ಪು, ಇಲ್ಲಿಯವರು ಸೀಮೈ ಕರುವೇಲಂ ಎನ್ನುವ ನಮ್ಮ ಬಳ್ಳಾರಿ ಜಾಲಿ, ಇವೇ ಸಾಕು. ಒಣಗಿಸಿ ಪುಡಿಮಾಡಿದ ಕಟ್ಟಿಗೆಯನ್ನು ಕ್ಷಣಾರ್ಧದಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಆವಿಯನ್ನು ಕೂಡಲೇ ತಣಿಸಿದರೆ, ತೂಕದ ಅರ್ಧಕ್ಕಿಂತ ಹೆಚ್ಚು ದ್ರವವಾಗುತ್ತದೆ. ಆದರೆ ಅದು ನೀರು ಬೆರೆತ ಹುಳಿ ದ್ರವ. ಹಾಗೆಯೇ ಮೋಟಾರಿಗೆ ಹಾಕಿದರೆ ಲೋಹವನ್ನು ತಿಂದುಹಾಕೀತು. ಜಲಜನಕ ಕೂಡಿಸಿ ಅದನ್ನು ಹದಗೊಳಿಸುವುದಕ್ಕೆ ದೊಡ್ಡ ರಿಫೈನರಿಗಳ ವಿದ್ಯೆಯೇ ಬೇಕು.

ಉಳಿದ ಇದ್ದಿಲನ್ನು ಮತ್ತೆ ಸುಡುವುದೇಕೆ? ಮಣ್ಣಿಗೆ ಬೆರೆಸಿದರೆ ಅದರ ಇಂಗಾಲದ ಬಹುಭಾಗ ನೂರಾರು ವರ್ಷ ಅಲ್ಲಿಯೇ ನಿಲ್ಲುತ್ತದೆ. ಮರಳು ನೆಲ ತೇವ ಹಿಡಿಯುತ್ತದೆ. ಊರಿನಲ್ಲಿ ಹೊಲ ಉಳಿಸಿಕೊಂಡಿರುವ ನಮ್ಮ ಬಂಧುಗಳು ಇದನ್ನು ಗಮನಿಸಬೇಕು. ಆವಿ ಎಣ್ಣೆಗೆ ಸಲ್ಲಲಿ, ಇದ್ದಿಲು ಮಣ್ಣಿಗೆ ಸಲ್ಲಲಿ. ರೈತನಿಗೂ ದೇಶಕ್ಕೂ ಲಾಭವಿರುವುದು ಈ ಹಂಚಿಕೆಯಲ್ಲಿಯೇ ಎಂದು ನಮ್ಮ ಅಭಿಪ್ರಾಯ.