ಬೆಳಕನ್ನು ನೆನಪಿಟ್ಟುಕೊಳ್ಳುವ ಚಿಪ್: ಏನಿದು ಕೃತಕ ಸಿನಾಪ್ಸ್?

ಕೊಳಾಲ, ಕೊರಟಗೆರೆ, ಮಧುಗಿರಿ ಕಡೆಯವರಿಗೆ ಬೆಳಕಿನಿಂದ ವಿದ್ಯುತ್ ತಯಾರಾಗುವುದು ಹೊಸ ಸಂಗತಿಯಲ್ಲ. ಅದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅಲ್ಲಿನ ಫಲಕಗಳು ಬಿಸಿಲಿದ್ದರೆ ವಿದ್ಯುತ್ ಕೊಡುತ್ತವೆ, ಕತ್ತಲಾದರೆ ನಿಲ್ಲುತ್ತವೆ. ಬಿದ್ದ ಬೆಳಕಿನ ನೆನಪು ಅವುಗಳಲ್ಲಿ ಉಳಿಯುವುದಿಲ್ಲ.

ಬೆಳಕು ಆರಿದ ಮೇಲೂ ಅದರ ಗುರುತನ್ನು ಉಳಿಸಿಕೊಳ್ಳುವ ಸಾಧನವೊಂದನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬಿವಾಸ್ ಸಹಾ ಅವರ ತಂಡ 2023ರಲ್ಲಿ ಪ್ರಕಟಿಸಿತು. ಇದನ್ನು ಕೃತಕ ಸಿನಾಪ್ಸ್ ಎನ್ನುತ್ತಾರೆ.

ಸಿನಾಪ್ಸ್ ಎಂದರೇನು?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗವೇ ಸಿನಾಪ್ಸ್. ಪಾಠವನ್ನು ಮತ್ತೆ ಮತ್ತೆ ಓದಿದಾಗ ಈ ಕೊಂಡಿ ಗಟ್ಟಿಯಾಗುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಕಲಿಕೆ, ಮರೆವು ಎರಡಕ್ಕೂ ಇದೇ ಮೂಲ.

ಬೆಳಕು ನೆನಪಾಗುವುದು ಹೇಗೆ?

ಜಕ್ಕೂರಿನ ತಂಡ ಬಳಸಿದ್ದು ಸ್ಕ್ಯಾಂಡಿಯಂ ನೈಟ್ರೈಡ್ ಎಂಬ ಅರೆವಾಹಕದ ತೆಳು ಪದರ. ಬೆಳಕು ಬಿದ್ದಾಗ ಅದರಲ್ಲಿ ವಿದ್ಯುತ್ ಹರಿಯುವ ಪ್ರಮಾಣ ಬದಲಾಗುತ್ತದೆ. ಬೆಳಕು ಆರಿದ ಕೂಡಲೇ ಅದು ಮೊದಲಿನ ಸ್ಥಿತಿಗೆ ಮರಳುವುದಿಲ್ಲ, ನಿಧಾನವಾಗಿ ಮರಳುತ್ತದೆ. ಈ ತಡವೇ ಇಲ್ಲಿ 'ನೆನಪು'. ಒಮ್ಮೆ ಮಿಂಚಿದ ಬೆಳಕು ಬೇಗ ಮರೆತುಹೋಗುತ್ತದೆ. ಹಲವು ಬಾರಿ ಮಿಂಚಿದರೆ ಹೆಚ್ಚು ಕಾಲ ಉಳಿಯುತ್ತದೆ. ಪದರಕ್ಕೆ ಸೇರಿಸುವ ಬೆರಕೆಯನ್ನು ಬದಲಿಸಿ ವಿದ್ಯುತ್ ಹರಿವು ಬೆಳಕಿಗೆ ಹೆಚ್ಚುವಂತೆಯೂ ಕುಗ್ಗುವಂತೆಯೂ ಮಾಡಬಹುದು. ಮೆದುಳಿನಲ್ಲಿಯೂ ಪ್ರಚೋದಿಸುವ ಮತ್ತು ತಡೆಯುವ ಎರಡು ಬಗೆಯ ಸಿನಾಪ್ಸ್‌ಗಳಿವೆ.

ಇದರ ಅಗತ್ಯವೇನು?

ಇಂದಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಜಾಗ ಬೇರೆ, ನೆನಪಿಡುವ ಜಾಗ ಬೇರೆ. ಉಗ್ರಾಣ ಒಂದು ಬೀದಿಯಲ್ಲಿ, ಅಡುಗೆಮನೆ ಇನ್ನೊಂದು ಬೀದಿಯಲ್ಲಿ ಇದ್ದಂತೆ! ಮಾಹಿತಿಯನ್ನು ಅತ್ತಿತ್ತ ಸಾಗಿಸುವುದಕ್ಕೇ ಬಹಳಷ್ಟು ವಿದ್ಯುತ್ ಖರ್ಚಾಗುತ್ತದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಅಷ್ಟೊಂದು ವಿದ್ಯುತ್ ಬೇಡುವುದಕ್ಕೆ ಇದೂ ಒಂದು ಕಾರಣ. ನಮ್ಮ ಮೆದುಳು ಮಾತ್ರ ಸುಮಾರು 20 ವ್ಯಾಟ್‌ನಲ್ಲಿ, ಅಂದರೆ ಎರಡು ಸಣ್ಣ ಎಲ್‌ಇಡಿ ಬಲ್ಬುಗಳಷ್ಟು ಶಕ್ತಿಯಲ್ಲಿ, ಎಲ್ಲ ಕೆಲಸ ಮಾಡುತ್ತದೆ. ನೋಡುವುದು, ನೆನಪಿಡುವುದು, ಲೆಕ್ಕ ಮಾಡುವುದು ಒಂದೇ ಕಡೆ ನಡೆದರೆ ಯಂತ್ರದ ವಿದ್ಯುತ್ ಖರ್ಚೂ ಇಳಿಯಬಹುದು.

ಹಾಗೆಂದು ಯಂತ್ರಕ್ಕೆ ಮನಸ್ಸು ಬಂದಿತೆಂದು ತಿಳಿಯಬೇಕಾಗಿಲ್ಲ. ಇಲ್ಲಿ ಅನುಕರಿಸಿರುವುದು ಸಿನಾಪ್ಸ್‌ನ ಕೆಲವು ಗುಣಗಳನ್ನು ಮಾತ್ರ. ಒಂದು ಸಾಧನದಿಂದ ಕೋಟ್ಯಂತರ ಸಾಧನಗಳ ಚಿಪ್‌ಗೆ ಹೋಗುವ ದಾರಿ ಉದ್ದವಿದೆ.

ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಮಕ್ಕಳಿರುವ ಮನೆಗಳು ಒಂದು ವಿಷಯ ಗಮನಿಸಬೇಕು. ಕಂಪ್ಯೂಟರ್ ಕ್ಷೇತ್ರವೆಂದರೆ ಕೋಡಿಂಗ್ ಒಂದೇ ಅಲ್ಲ. ಈ ಸಂಶೋಧನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಬಿ.ಎಸ್ಸಿ. ಓದಿದವರಿಗೂ ಇಲ್ಲಿ ಬಾಗಿಲು ತೆರೆದಿದೆ.