ಗಾಜಿನ ಗೂಡಿನಲ್ಲಿ ಶಾಖದ ಲೆಕ್ಕ

ಬೆಳಗಿನ ಹೊತ್ತು ಬೇಲಿಯ ಗೂಟದ ಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತ ಓತಿಕೇತವನ್ನು ಕಾಣದವರು ವಿರಳ. ಅದು ಅಲ್ಲಿ ಸುಮ್ಮನೆ ಕುಳಿತಿರುವುದಿಲ್ಲ. ದೇಹಕ್ಕೆ ಬೇಕಾದ ಶಾಖವನ್ನು ಸಂಪಾದಿಸುತ್ತಿರುತ್ತದೆ. ನಾವು ಉಂಡ ಅನ್ನದಿಂದಲೇ ಶಾಖವನ್ನು ಪಡೆದು ಮೈಯ ಉಷ್ಣತೆಯನ್ನು 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕಾಪಾಡಿಕೊಳ್ಳುತ್ತೇವೆ. ಸರೀಸೃಪಗಳಲ್ಲಿ ಹೆಚ್ಚಿನವಕ್ಕೆ ಈ ಶಕ್ತಿಯಿಲ್ಲ. ಅವು ಬಿಸಿಲಿನಿಂದ ನೆರಳಿಗೂ ನೆರಳಿನಿಂದ ಬಿಸಿಲಿಗೂ ಸರಿದಾಡಿ ಮೈಯನ್ನು ಹದದಲ್ಲಿ ಇಟ್ಟುಕೊಳ್ಳುತ್ತವೆ. ಶಾಖ ಸಾಲದಿದ್ದರೆ ಜೀರ್ಣಕ್ರಿಯೆಯು ಕುಂಠಿತವಾಗಿ, ನುಂಗಿದ ಆಹಾರವು ಹೊಟ್ಟೆಯಲ್ಲಿಯೇ ಕೊಳೆಯುವುದೂ ಉಂಟು.

ಹೀಗಿರುವಾಗ, ಉಷ್ಣದೇಶದ ಪ್ರಾಣಿಯೊಂದನ್ನು ಇಂಗ್ಲೆಂಡಿನಂಥ ಚಳಿನಾಡಿನಲ್ಲಿ ಗಾಜಿನ ಗೂಡಿನೊಳಗೆ ಸಾಕುವುದು ಹೇಗೆ? ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯಲ್ಲಿ ‘ಗಡ್ಡದ ಓತಿಕೇತ’ವೆಂಬ ಒಂದು ಜಾತಿಯುಂಟು. ಕೋಪ ಬಂದಾಗ ಗಂಟಲಿನ ಮುಳ್ಳುಚರ್ಮವನ್ನು ಗಡ್ಡದಂತೆ ಉಬ್ಬಿಸುವುದರಿಂದ ಅದಕ್ಕೆ ಆ ಹೆಸರು. ಯೂರೋಪು ಮತ್ತು ಅಮೆರಿಕದ ಮನೆಗಳಲ್ಲಿ ಇದನ್ನು ಸಾಕುವವರು ಬಹಳ ಮಂದಿ. ಬಿಸಿಲು ಕಾಯಿಸಿಕೊಳ್ಳುವ ಕಲ್ಲಿನ ಮೇಲೆ ಇದಕ್ಕೆ ಸುಮಾರು 40 ಡಿಗ್ರಿ ಬೇಕು. ಗೂಡಿನ ಮತ್ತೊಂದು ತುದಿಯಲ್ಲಿ 25 ಡಿಗ್ರಿ ಸಾಕು. ಗೂಡೆಲ್ಲ ಒಂದೇ ಸಮನೆ ಬೆಚ್ಚಗಿದ್ದರೆ ಒಳ್ಳೆಯದೆಂದು ಭಾವಿಸುವುದು ತಪ್ಪು. ಹಾಗೆ ಮಾಡಿದರೆ ಪ್ರಾಣಿಗೆ ಸರಿದುಹೋಗಲು ನೆರಳೇ ಇಲ್ಲದಂತಾಗುತ್ತದೆ. ಲಂಡನ್ ಮೃಗಾಲಯದಲ್ಲಿ 1927ರಲ್ಲಿ ತೆರೆದ ಸರೀಸೃಪಗಳ ಮನೆಯನ್ನು ಯೋಜಿಸಿದ ಜೋನ್ ಪ್ರಾಕ್ಟರ್ ಎಂಬ ವಿದುಷಿ ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿ ವಿದ್ಯುತ್ತಿನಿಂದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಪ್ರಮಾಣದ ಶಾಖವನ್ನು ಒದಗಿಸಲಾಗಿತ್ತು. ಸಾಧಾರಣ ಗಾಜು ತಡೆಯುವ ಅತಿನೇರಳೆ ಕಿರಣಗಳನ್ನು ಒಳಗೆ ಬಿಡುವ ವಿಶೇಷ ಗಾಜನ್ನೂ ಅವರು ಬಳಸಿದರು.

ಈಗ ಮನೆಯ ಗೂಡಿನ ಲೆಕ್ಕಕ್ಕೆ ಬರೋಣ. ಗೂಡಿನ ಉದ್ದ 120 ಸೆಂಟಿಮೀಟರ್, ಅಗಲ ಮತ್ತು ಎತ್ತರ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ನಾಲ್ಕು ಪಕ್ಕದ ಗಾಜುಗಳ ಒಟ್ಟು ವಿಸ್ತೀರ್ಣ ಸುಮಾರು ಒಂದೂವರೆ ಚದರ ಮೀಟರ್. ಒಂದು ಪದರದ ಗಾಜಿನ ಮೂಲಕ, ಒಳಗಿಗೂ ಹೊರಗಿಗೂ ಇರುವ ಅಂತರದ ಪ್ರತಿಯೊಂದು ಡಿಗ್ರಿಗೆ, ಚದರ ಮೀಟರಿಗೆ ಸುಮಾರು ಐದೂವರೆ ವ್ಯಾಟ್ ಶಾಖ ಸೋರುತ್ತದೆ. ಕೋಣೆಯಲ್ಲಿ 18 ಡಿಗ್ರಿ, ಗೂಡಿನಲ್ಲಿ ಸರಾಸರಿ 28 ಡಿಗ್ರಿ ಇದ್ದರೆ ಪಕ್ಕದ ಗಾಜುಗಳಿಂದಲೇ 80 ವ್ಯಾಟಿಗೂ ತುಸು ಹೆಚ್ಚು ನಷ್ಟ.

ಇದಕ್ಕೆ ಪರಿಹಾರವೇನೆಂದು ತರಗತಿಯಲ್ಲಿ ಕೇಳಿದರೆ ದಪ್ಪ ಗಾಜನ್ನು ಹಾಕಬೇಕೆಂಬ ಉತ್ತರವೇ ಮೊದಲು ಬರುತ್ತದೆ. 4 ಮಿಲಿಮೀಟರಿನ ಗಾಜನ್ನು ತೆಗೆದು 8 ಮಿಲಿಮೀಟರಿನದನ್ನು ಹಾಕಿ ನೋಡಿ: ಉಳಿತಾಯ 2 ವ್ಯಾಟಿನಷ್ಟೂ ಆಗುವುದಿಲ್ಲ! ಶಾಖಕ್ಕೆ ಅಡ್ಡಿಯೊಡ್ಡುವುದು ಗಾಜಲ್ಲ. ಗಾಜಿನ ಎರಡೂ ಮೈಗಳಿಗೆ ಅಂಟಿದಂತೆ ನಿಂತಿರುವ ಗಾಳಿಯ ತೆಳುಪದರಗಳು. ಒಟ್ಟು ಅಡ್ಡಿಯಲ್ಲಿ ಗಾಜಿನ ಪಾಲು ನಲವತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ. ಹಾಗಾದರೆ ನಿಶ್ಚಲವಾದ ಗಾಳಿಯನ್ನು ಹೆಚ್ಚಿಸುವುದೇ ದಾರಿ. ಥರ್ಮಾಕೋಲ್ ಎಂದರೆ ಬಹುಮಟ್ಟಿಗೆ ಸೆರೆಯಾದ ಗಾಳಿಯೇ ತಾನೆ? ಎರಡೂವರೆ ಸೆಂಟಿಮೀಟರ್ ದಪ್ಪದ ಹಲಗೆಯನ್ನು ಹಿಂಬದಿಗೂ ಎರಡು ತುದಿಗಳಿಗೂ ಹೊರಗಿನಿಂದ ಒತ್ತಿಟ್ಟರೆ, ಮುಂದಿನ ಗಾಜು ಬರಿದಾಗಿಯೇ ಇದ್ದರೂ, 80 ವ್ಯಾಟಿನ ನಷ್ಟ 40ಕ್ಕೆ ಇಳಿಯುತ್ತದೆ. ಹಲಗೆಯು ದೀಪಕ್ಕೆ ದೂರವಾಗಿರಬೇಕು. ಅದು ಬೇಗನೆ ಬೆಂಕಿ ಹಿಡಿಯುವ ವಸ್ತು.

ಮೇಲ್ಭಾಗದ ಕಥೆ ಬೇರೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಬಿಸಿಲಿನಲ್ಲಿಟ್ಟು ಒಂದು ಪ್ರಯೋಗ ನಡೆಸಿದ. ಒಂದಕ್ಕೆ ಗಾಜಿನ ಮುಚ್ಚಳ; ಮತ್ತೊಂದಕ್ಕೆ, ಅವಕೆಂಪು ಕಿರಣಗಳನ್ನು ಸರಾಗವಾಗಿ ಬಿಡುವ ಕಲ್ಲುಪ್ಪಿನ ಮುಚ್ಚಳ. ಗಾಜು ಅವಕೆಂಪು ಕಿರಣಗಳನ್ನು ಹೊರಹೋಗಗೊಡದೆ ಶಾಖವನ್ನು ಹಿಡಿದಿಡುವುದೇ ನಿಜವಾದರೆ ಎರಡನೆಯದು ಬಹಳ ತಂಪಾಗಿರಬೇಕಿತ್ತು. ಎರಡಕ್ಕೂ ಗಾಜಿನ ಮೂಲಕ ಸೋಸಿದ ಬಿಸಿಲನ್ನೇ ಬಿಟ್ಟಾಗ, ಎರಡರಲ್ಲಿಯೂ ಸುಮಾರು 55 ಡಿಗ್ರಿ. ವ್ಯತ್ಯಾಸ ಒಂದು ಡಿಗ್ರಿಯೂ ಇರಲಿಲ್ಲ. ಮುಚ್ಚಳದ ಮುಖ್ಯ ಕೆಲಸ ಬಿಸಿಗಾಳಿಯು ಮೇಲೇರಿ ಹೋಗದಂತೆ ತಡೆಯುವುದು. ಆದುದರಿಂದಲೇ ಪೂರ್ತಿ ಜಾಲರಿಯ ಮುಚ್ಚಳವಿರುವ ಗೂಡಿನಲ್ಲಿ ಎಷ್ಟು ದೀಪ ಉರಿಸಿದರೂ ಶಾಖ ನಿಲ್ಲದು. ಉಸಿರಾಟಕ್ಕೆ ಗಾಳಿ ಬೇಕಾದ್ದರಿಂದ ಜಾಲರಿಯ ಒಂದು ಭಾಗವನ್ನಷ್ಟೆ ಮುಚ್ಚಬೇಕು. ಅದೇ 55 ಡಿಗ್ರಿಯು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ: ಗಾಜಿನ ಗೂಡನ್ನು ನೇರ ಬಿಸಿಲಿನಲ್ಲಿಟ್ಟು ಮರೆತವನು ಹಿಂದಿರುಗಿದಾಗ ಪ್ರಾಣಿ ಬದುಕಿರುವುದಿಲ್ಲ.

ಇನ್ನು ದೀಪ. ತಂತಿ ಕಾದು ಬೆಳಗುವ ಬಲ್ಬು ತಾನು ಪಡೆದ ವಿದ್ಯುತ್ತಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಭಾಗವನ್ನು ಶಾಖವಾಗಿಯೇ ಕೊಡುತ್ತದೆ. ಬೆಳಕಿನ ದೃಷ್ಟಿಯಿಂದ ಅದು ದೋಷ. ಇಲ್ಲಿ ಅದೇ ಗುಣ. ಎಲ್‌ಇಡಿ ದೀಪಗಳು ಈ ಕೆಲಸಕ್ಕೆ ಒದಗವು. ಬಲ್ಬನ್ನು ಒಂದು ತುದಿಯಲ್ಲಿ, ಪ್ರಾಣಿಗೆ ನಿಲುಕದಷ್ಟು ಎತ್ತರದಲ್ಲಿ ಇಡುತ್ತಾರೆ. ರಾತ್ರಿ ಬೆಳಕು ಬೇಡವಾದ್ದರಿಂದ, ಶಾಖ ಬೇಕಾದರೆ ಪಿಂಗಾಣಿಯ ಕಾವುಗುಂಡನ್ನು ಉಪಯೋಗಿಸುವುದು ವಾಡಿಕೆ. ದೀಪದ ಶಾಖವನ್ನು ಥರ್ಮೋಸ್ಟಾಟಿಗೆ ಒಪ್ಪಿಸಿದವರೂ ಎಚ್ಚರ ತಪ್ಪುವುದುಂಟು. ಅದರ ಸಂವೇದಕವನ್ನು ತಂಪಾದ ತುದಿಯಲ್ಲಿಟ್ಟು 40 ಡಿಗ್ರಿಗೆ ಹೊಂದಿಸಿದರೆ, ಆ ತುದಿ 40ಕ್ಕೆ ಏರುವವರೆಗೂ ದೀಪ ಉರಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಕಲ್ಲು ಕಾದ ಹೆಂಚಾಗಿರುತ್ತದೆ. ಅಂಥ ಕಲ್ಲಿನ ಮೇಲೆ ಮಲಗಿ ಹೊಟ್ಟೆಯ ಚರ್ಮ ಸುಟ್ಟುಕೊಂಡ ಪ್ರಾಣಿಗಳು ಪಶುವೈದ್ಯರ ಬಳಿಗೆ ಬರುತ್ತವೆ.

ಇದನ್ನೆಲ್ಲ ಪರೀಕ್ಷಿಸಲು ಪ್ರಾಣಿ ಬೇಕಾಗಿಲ್ಲ. ಬೇಲಿಯ ಓತಿಕೇತವು ಬೇಲಿಯಲ್ಲಿಯೇ ಇರಲಿ. ನಮ್ಮ ನಕ್ಷತ್ರ ಆಮೆಯನ್ನಾಗಲಿ ಉಡವನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮೀನು ಸಾಕುವ ಗಾಜಿನ ತೊಟ್ಟಿಯೊಂದನ್ನು ಬರಿದು ಮಾಡಿ, ಒರೆಸಿ, ಒಂದು ತುದಿಯಲ್ಲಿ 40 ವ್ಯಾಟಿನ ಬಲ್ಬನ್ನು ಗಾಜಿಗೆ ತಾಗದಂತೆ ತೂಗುಬಿಡಿ. ಎರಡು ತುದಿಗಳಲ್ಲಿಯೂ ನಡುವೆಯೂ ಒಂದೊಂದು ಉಷ್ಣತಾಮಾಪಕವನ್ನಿಟ್ಟು, ಬಲ್ಬಿನ ನೇರ ಕಿರಣಗಳು ಬುರುಡೆಗೆ ಬೀಳದಂತೆ ಕಾಗದದ ಮರೆ ಮಾಡಿ, ಒಂದು ಗಂಟೆಯ ಬಳಿಕ ಓದಿ ಬರೆದುಕೊಳ್ಳಿ. ಅನಂತರ ಬಲ್ಬಿನ ಭಾಗವನ್ನು ತೆರೆದೇ ಬಿಟ್ಟು, ಬಾಯಿಯ ಉಳಿದರ್ಧಕ್ಕೆ ರಟ್ಟು ಹೊದಿಸಿ ಇನ್ನೊಮ್ಮೆ. ಬಲ್ಬಿಗೆ ದೂರವಾದ ಪಕ್ಕಗಳಿಗೆ ಹೊರಗಿನಿಂದ ಥರ್ಮಾಕೋಲ್ ಒತ್ತಿಟ್ಟು ಮತ್ತೊಮ್ಮೆ. ಪ್ರತಿ ಸಲವೂ ಕೋಣೆಯ ಉಷ್ಣತೆಯನ್ನು ಕಳೆದು ಹೋಲಿಸುವುದನ್ನು ಮರೆಯಬೇಡಿ.